ಕೀಟನಾಶಕ ನಿಷೇಧದಿಂದ ಉಪಯೋಗ ಆಯ್ತಾ? ಲೆಕ್ಕ ನೋಡಿ ಹೇಳೋಣ

ಯಾವುದಾದರೂ ಕೀಟನಾಶಕ ನಿಷೇಧವಾದಾಗ ಗೊಬ್ಬರದ ಅಂಗಡಿ ಮುಂದೆ ಎರಡು ಮಾತು ಕೇಳುತ್ತವೆ. ಒಂದು, 'ಇನ್ನು ಬೆಳೆ ಉಳಿದಂಗೇ ಇದೆ'. ಇನ್ನೊಂದು, 'ಇದೆಲ್ಲ ಕಾಗದದ ಮೇಲೆ ಅಷ್ಟೇ'. ನಾನು ಸಾವಯವ ಬೆಳೆಗಾರ, ನನಗೆ ನಿಷೇಧ ಅಂದರೆ ಖುಷಿ. ಆದರೆ ನನ್ನ ಖುಷಿಯಾಗಲಿ, ಅವರ ಸಂಶಯವಾಗಲಿ ಪುರಾವೆ ಅಲ್ಲ. ಅದಕ್ಕೆ ಲೆಕ್ಕವೇ ಬೇಕು. ಅಂಥ ಲೆಕ್ಕ ಶ್ರೀಲಂಕಾದಲ್ಲಿ ಸಿಗುತ್ತದೆ.

ಶ್ರೀಲಂಕಾದ ಪಾಠ

1995ರಲ್ಲಿ ಅಲ್ಲಿ ಲಕ್ಷ ಜನರಲ್ಲಿ ಸುಮಾರು 47 ಮಂದಿ ಆತ್ಮಹತ್ಯೆಯಿಂದ ಸಾಯುತ್ತಿದ್ದರು. ಕೀಟನಾಶಕ ಸೇವನೆ ಇದರಲ್ಲಿ ದೊಡ್ಡ ಪಾಲು. ಆ ವರ್ಷ ಮೊನೊಕ್ರೊಟೊಫಾಸ್, ಮೆಥಮಿಡೊಫಾಸ್ ನಿಂತವು. ರೈತರು ಎಂಡೋಸಲ್ಫಾನ್ ಕಡೆ ಹೊರಳಿದರು. 1994ರಲ್ಲಿ ಒಂದೇ ದಾಖಲಾಗಿದ್ದ ಎಂಡೋಸಲ್ಫಾನ್ ಸಾವು 1998ಕ್ಕೆ 50 ಆಯಿತು. ಆ ವರ್ಷವೇ ಅದನ್ನೂ ನಿಲ್ಲಿಸಿದರು. 2005ರ ಹೊತ್ತಿಗೆ ಆತ್ಮಹತ್ಯೆ ಪ್ರಮಾಣ 24ಕ್ಕೆ ಇಳಿದಿತ್ತು.

ಇದು ನಿಷೇಧದಿಂದಲೇ ಆಯಿತೇ? 2007ರಲ್ಲಿ ಪ್ರಕಟವಾದ ಅಧ್ಯಯನ ನಿರುದ್ಯೋಗ, ಮದ್ಯ ಮಾರಾಟ, ವಿಚ್ಛೇದನ, ಯುದ್ಧದ ವರ್ಷಗಳನ್ನೂ ತಾಳೆ ಹಾಕಿ ನೋಡಿತು. ಯಾವುದೂ ಈ ಇಳಿಕೆಗೆ ಹೊಂದಲಿಲ್ಲ. ವಿಷ ಸೇವಿಸಿ ಆಸ್ಪತ್ರೆಗೆ ಬರುವವರು ಕಡಿಮೆಯಾಗಲಿಲ್ಲ, ಬಂದವರಲ್ಲಿ ಸಾಯುವವರು ಕಡಿಮೆಯಾದರು. ಭತ್ತದ ಇಳುವರಿಯನ್ನೂ ಪರಿಶೀಲಿಸಿದರು. ನಿಷೇಧದಿಂದ ಕುಸಿದ ಗುರುತು ಸಿಗಲಿಲ್ಲ.

ನಮ್ಮಲ್ಲಿ ಕೇಳಬೇಕಾದ ಪ್ರಶ್ನೆಗಳು

ನಮ್ಮ ದೇಶದಲ್ಲಿ ತರಕಾರಿಗೆ ಮೊನೊಕ್ರೊಟೊಫಾಸ್ ಬಳಸಬಾರದು ಎಂಬ ನಿಯಮ 2005ರಿಂದಲೇ ಇದೆ. 2018ರ ಆದೇಶದಂತೆ ಫೋರೇಟ್, ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ಕ್ಕೆ ನಿಂತವು. ಇವುಗಳ ಫಲ ಅಳೆಯಲು ಮೂರು ಪ್ರಶ್ನೆ ಸಾಕು:

1. ನಿಷೇಧದ ಹಿಂದಿನ, ಮುಂದಿನ ಹಲವು ವರ್ಷಗಳ ಅಂಕಿ ಇದೆಯೇ? ಮಳೆ ಹೆಚ್ಚುಕಮ್ಮಿ ಆದರೆ ಕೀಟದ ಕಾಟವೂ ಬದಲಾಗುತ್ತದೆ. ಒಂದು ವರ್ಷದ ಹೋಲಿಕೆ ದಾರಿ ತಪ್ಪಿಸುತ್ತದೆ.

2. ಅದರ ಜಾಗಕ್ಕೆ ಯಾವ ಔಷಧಿ ಬಂತು? ಎಂಡೋಸಲ್ಫಾನ್ ಕತೆ ಮರೆಯಬೇಡಿ.

3. ಅದೇ ಸಮಯದಲ್ಲಿ ಬೇರೆ ಏನು ಬದಲಾಯಿತು? ಬೆಲೆ, ತಳಿ, ನೀರು ಎಲ್ಲವೂ ಇಳುವರಿ ಮೇಲೆ ಕೈ ಆಡಿಸುತ್ತವೆ.

ನೀವು ಮಾಡಬಹುದಾದದ್ದು

ಒಂದು ನೋಟ್‌ಬುಕ್ ಇಡಿ. ತಾಕು, ಬೆಳೆ, ಸಿಂಪಡಿಸಿದ ದಿನ, ಔಷಧಿ ಹೆಸರು, ಪ್ರಮಾಣ, ಖರ್ಚು, ಇಳುವರಿ ಬರೆಯಿರಿ. ಏನೂ ಸಿಂಪಡಿಸದ ತಾಕಿನ ಲೆಕ್ಕವನ್ನೂ ಬರೆಯಿರಿ, ಹೋಲಿಕೆಗೆ ಅದೇ ಆಧಾರ. ಊರಿನ ಹತ್ತು ರೈತರು ಐದು ವರ್ಷ ಹೀಗೆ ಬರೆದರೆ 'ಬೆಳೆ ಹೋಯ್ತು' ಅನ್ನೋ ಮಾತು ನಿಜವೋ ಸುಳ್ಳೋ ನಾವೇ ಹೇಳಬಹುದು.

ಇನ್ನೊಂದು ಮಾತು. ಕೀಟನಾಶಕದ ಬಾಟಲಿ ಮನೆಯೊಳಗೆ ಇಡಬೇಡಿ, ಬೀಗ ಹಾಕಿದ ಜಾಗದಲ್ಲಿಡಿ. ಮನಸ್ಸು ತೀರಾ ಕುಗ್ಗಿದಾಗ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ.