ಹೆಜ್ಜೆಯಿಂದ ಉಳಿಯುವ ಹಾದಿ: ಐಲ್ ಆಫ್ ವೈಟ್ ದ್ವೀಪದ ನಡಿಗೆಯ ಉತ್ಸವ

ಪಂಢರಪುರದ ವಾರಿಯನ್ನು ಬಾಲ್ಯದಿಂದಲೂ ಕಂಡಿರುವ ನಮ್ಮ ಸೊಲ್ಲಾಪುರ ಸೀಮೆಯವರಿಗೆ ನಡಿಗೆಯೇ ಉತ್ಸವವಾಗಬಲ್ಲದೆಂಬುದನ್ನು ಹೊಸದಾಗಿ ಹೇಳಬೇಕಿಲ್ಲ. ದಿಂಡಿಯವರ ಗಮ್ಯ ವಿಠ್ಠಲನ ಸನ್ನಿಧಿ. ಆದರೆ ನಡೆಯುವ ನೆಲವನ್ನೇ ಅರಿಯಲೆಂದು ಜನರು ಕೂಡುವ ಉತ್ಸವವೊಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯಾಚೆ, ಐಲ್ ಆಫ್ ವೈಟ್ ದ್ವೀಪದಲ್ಲಿ 1999ರಲ್ಲಿ ಆರಂಭವಾಯಿತು.

ಈ ದ್ವೀಪದ ವಿಸ್ತೀರ್ಣ ಸುಮಾರು 380 ಚದರ ಕಿಲೋಮೀಟರ್. ಅಷ್ಟರೊಳಗೆ 800 ಕಿಲೋಮೀಟರಿಗೂ ಮಿಕ್ಕಿದ ಸಾರ್ವಜನಿಕ ಹಾದಿಗಳಿವೆ. ಪ್ರತಿಯೊಂದು ನಡಿಗೆಯ ದೂರ, ಕಾಠಿಣ್ಯ ಹಾಗೂ ಹೊರಡುವ ಸ್ಥಳವನ್ನು ಮೊದಲೇ ಪ್ರಕಟಿಸುತ್ತಾರೆ. ಭಾಗವಹಿಸುವವರು ತಮ್ಮ ಶಕ್ತಿಗೆ ತಕ್ಕುದನ್ನು ಆರಿಸಿಕೊಳ್ಳಬೇಕು. ಮಾರ್ಗದರ್ಶಕರ ಹಿಂದೆ ತಂಡವು ಸಾಗುತ್ತದೆ. ಹೊಲದ ನಡುವೆ ಹಾದಿಯನ್ನು ಬಿಟ್ಟು ಪೈರು ತುಳಿಯದಿರುವುದು, ದಾಟಿದ ಗೇಟನ್ನು ಕಂಡಂತೆಯೇ ಬಿಡುವುದು, ಕುರಿಗಳಿರುವಲ್ಲಿ ನಾಯಿಯನ್ನು ಹಗ್ಗದಲ್ಲಿ ಹಿಡಿದಿರುವುದು ನಡೆಯುವವರ ಕರ್ತವ್ಯ.

ಮಾರ್ಗದರ್ಶಕರ ಕೆಲಸ ದಾರಿ ತೋರಿಸುವುದಷ್ಟೇ ಅಲ್ಲ. ದ್ವೀಪದ ಪಶ್ಚಿಮಕ್ಕಿರುವ ಟೆನಿಸನ್ ಡೌನ್ ಎಂಬ ಸೀಮೆಸುಣ್ಣದ ಗುಡ್ಡವನ್ನೇ ನೋಡಬಹುದು. ಕವಿ ಟೆನಿಸನ್ 1853ರಿಂದ ಅದರ ಬಳಿಯ ಫಾರಿಂಗ್‌ಫರ್ಡ್ ಮನೆಯಲ್ಲಿ ನೆಲೆಸಿದ್ದನು. ಆತನ ನೆನಪಿಗೆ 1897ರಲ್ಲಿ ಗುಡ್ಡದ ನೆತ್ತಿಯ ಮೇಲೆ ಶಿಲುಬೆಯೊಂದನ್ನು ನಿಲ್ಲಿಸಲಾಯಿತು. ಗುಡ್ಡದ ಸಾಲು ಸಮುದ್ರದಲ್ಲಿ ಮುಗಿಯುವಲ್ಲಿ ನೀಡಲ್ಸ್, ಅಂದರೆ ಸೂಜಿಗಳು, ಎಂಬ ಬಂಡೆಗಳಿವೆ. ಇಂದು ಉಳಿದಿರುವ ಮೂರೂ ಸೂಜಿಯಂತಿಲ್ಲ. ಸೂಜಿಯಂತೆ ನೀಳವಾಗಿದ್ದ ನಾಲ್ಕನೆಯದು 1764ರಲ್ಲಿಯೇ ಬಿದ್ದುಹೋಯಿತು. ಹೆಸರು ಮಾತ್ರ ಉಳಿಯಿತು. ಬಲ್ಲವರು ಜೊತೆಗಿದ್ದರೆ ನೆಲವೂ ಗ್ರಂಥದಂತೆ ಓದಿಸಿಕೊಳ್ಳುತ್ತದೆ.

ಕಡಲು ಇಂದಿಗೂ ಈ ದಡವನ್ನು ಕೊರೆಯುತ್ತಿದೆ. ಹಾದಿಯ ಹಕ್ಕು ನಿರ್ದಿಷ್ಟ ನೆಲಕ್ಕೆ ಅಂಟಿಕೊಂಡಿರುವುದರಿಂದ, ನೆಲ ಕುಸಿದರೆ ಹಕ್ಕೂ ಕುಸಿಯುವ ಭಯವಿದೆ. ಆದ್ದರಿಂದಲೇ ಕರಾವಳಿ ಹಾದಿಗಾಗಿ 2009ರಲ್ಲಿ ಬಂದ ಕಾಯ್ದೆಯು, ದಡ ಸರಿದಂತೆ ಹಾದಿಯೂ ಒಳಕ್ಕೆ ಸರಿಯಲು ಅವಕಾಶ ಕಲ್ಪಿಸಿತು. ಒಳನಾಡಿನ ಹಾದಿಗಳ ಬಲ ಬೇರೆ ಬಗೆಯದು. 1949ರ ಕಾಯ್ದೆಯಂತೆ ಅವುಗಳನ್ನು ಅಧಿಕೃತ ನಕಾಶೆಯಲ್ಲಿ ಗುರುತಿಸಲಾಯಿತು. ಗುರುತಾದ ಹಾದಿಯನ್ನು ಜಮೀನಿನ ಒಡೆಯನು ತನ್ನಿಚ್ಛೆಯಂತೆ ಮುಚ್ಚುವಂತಿಲ್ಲ. ಗುರುತಾಗದ ಹಾದಿಯಲ್ಲಿಯೂ ಜನರು 20 ವರ್ಷ ಬಹಿರಂಗವಾಗಿ, ಅಡ್ಡಿಯಿಲ್ಲದೆ, ಅನುಮತಿ ಬೇಡದೆ ನಡೆದಿದ್ದರೆ, ಒಡೆಯನು ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟನೆಂದೇ ಕಾನೂನು ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಒಡೆಯನದು. ಅಲ್ಲಿ ನಡೆದವರ ಹೆಜ್ಜೆಯೇ ಸಾಕ್ಷಿ.

ಕನ್ನಡದ ಕಾಲುದಾರಿ, ಮರಾಠಿಯ ಪಾಯವಾಟ, ಇಂಗ್ಲಿಷಿನ ಫುಟ್‌ಪಾತ್ ಮೂರೂ ಕಾಲು ಮತ್ತು ದಾರಿಗಳನ್ನು ಕೂಡಿಸಿದ ಪದಗಳೇ. ಕಾಲು ತಪ್ಪಿದರೆ ದಾರಿಯೂ ತಪ್ಪುತ್ತದೆ. ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮೂರಿನ ಒಂದು ಹಳೆಯ ಕಾಲುದಾರಿಯನ್ನು ಹಿರಿಯರೊಡನೆ ನಡೆದು, ಅದರ ಮಗ್ಗುಲಿನ ಬಾವಿ, ಮರ, ಹೊಲಗಳ ಹೆಸರುಗಳನ್ನು ಬರೆದು ತಂದರೆ ವಿಭಾಗವು ಸಂತೋಷದಿಂದ ಸಂಗ್ರಹಿಸುತ್ತದೆ.