ಸ್ಟೂಡೆಂಟ್ಸ್ ಮಾಡಿದ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸ್ತೀರಾ? ಮೊದಲು ‘ಟೆಸ್ಟಿಂಗ್’ ಪುಟ ಕೇಳಿ

ಯಲಹಂಕ: ಅವಲಹಳ್ಳಿ, ಕಟ್ಟಿಗೇನಹಳ್ಳಿ, ಹುಣಸಮಾರನಹಳ್ಳಿ... ಯಲಹಂಕದ ಸುತ್ತ ಎತ್ತ ಹೋದ್ರೂ ಇಂಜಿನಿಯರಿಂಗ್ ಕಾಲೇಜು. ಕೊನೆಯ ವರ್ಷದ ಹುಡುಗರು ಪ್ರಾಜೆಕ್ಟ್‌ಗಾಗಿ ಬಿಲ್ಲಿಂಗ್, ಸ್ಟಾಕ್ ಆ್ಯಪ್ ಮಾಡುವುದು ಮಾಮೂಲಿ. ‘ಅಂಕಲ್, ನಿಮ್ಮ ಅಂಗಡಿಗೂ ಫ್ರೀ ಹಾಕ್ಕೊಡ್ತೀವಿ’ ಅಂದ್ರೆ ಬೇಡ ಅನ್ನೋರು ಕಡಿಮೆ. ಆದರೆ ಪರೀಕ್ಷೆ ಮುಗಿದ ಮೇಲೆ ಹುಡುಗರು ಕೆಲಸ ಹುಡುಕಿಕೊಂಡು ಹೋಗ್ತಾರೆ, ಸಾಫ್ಟ್‌ವೇರ್ ಮಾತ್ರ ಗಲ್ಲಾಪೆಟ್ಟಿಗೆ ಪಕ್ಕ ಉಳಿಯುತ್ತೆ. ಆಗ ಕೈಹಿಡಿಯುವುದು ಪ್ರಾಜೆಕ್ಟ್ ರಿಪೋರ್ಟ್‌ನ ಟೆಸ್ಟಿಂಗ್ ಅಧ್ಯಾಯ.

ಅದರಲ್ಲಿ ಇರಬೇಕಾದ್ದು ಒಂದು ಟೇಬಲ್: ಏನು ಹಾಕಿದ್ರು, ಏನು ಬರಬೇಕಿತ್ತು, ಏನು ಬಂತು, ಪಾಸಾ ಫೇಲಾ. ಉದಾಹರಣೆಗೆ, 100 ರೂಪಾಯಿಯ ಸೋಪು, ಜಿಎಸ್‌ಟಿ ಶೇ 18, ಬರಬೇಕಾದ ಮೊತ್ತ 118. ಬಂದದ್ದೂ 118, ಪಾಸ್. 2025ರ ಸೆಪ್ಟೆಂಬರ್ 22ರಿಂದ ಸೋಪಿನ ಜಿಎಸ್‌ಟಿ ಶೇ 5ಕ್ಕೆ ಇಳಿಯಿತು. ಈಗ ಅದೇ ಸಾಲಿನಲ್ಲಿ 105 ಬರಬೇಕು. ಟೇಬಲ್ ಕೈಯಲ್ಲಿದ್ರೆ ರಿಪೇರಿಗೆ ಬಂದ ಬೇರೆ ಹುಡುಗನೂ ಒಂದೊಂದೇ ಸಾಲು ಮತ್ತೆ ಓಡಿಸಿ ನೋಡಬಹುದು. ಇಲ್ಲದಿದ್ರೆ ಗಿರಾಕಿ ಬಿಲ್ ಹಿಡ್ಕೊಂಡು ಜಗಳಕ್ಕೆ ಬಂದಾಗಲೇ ತಪ್ಪು ಗೊತ್ತಾಗೋದು.

ಸರಿಯಾದ ಲೆಕ್ಕ ಹಾಕಿ ಸರಿ ಉತ್ತರ ತೆಗೆಯುವುದು ಅರ್ಧ ಟೆಸ್ಟಿಂಗ್ ಅಷ್ಟೇ. ಅಂಗಡಿಯಲ್ಲಿ ಆಗೋದೇ ಬೇರೆ. ಕಾಲು ಕೆಜಿ ಬೇಳೆಗೆ 0.25 ತಗೊಳ್ಳುತ್ತಾ? ಪ್ರಮಾಣ ಖಾಲಿ ಬಿಟ್ರೆ? ಬಿಲ್ ಅರ್ಧದಲ್ಲಿ ಕರೆಂಟ್ ಹೋದ್ರೆ? ಒಂದೇ ಬಿಲ್ ನಂಬರ್ ಎರಡು ಸಲ ಬಂದ್ರೆ? ಇವೆಲ್ಲ ಟೇಬಲ್‌ನಲ್ಲಿ ಇರಬೇಕು. ಎಲ್ಲ ಸಾಲಲ್ಲೂ ‘ಪಾಸ್’ ಅಂತಿದ್ರೆ ಸ್ವಲ್ಪ ಅನುಮಾನ ಪಡಿ. ಸಬ್ಮಿಶನ್ ಹಿಂದಿನ ರಾತ್ರಿ ತುಂಬಿದ್ದೂ ಇರಬಹುದು. ‘ಫೇಲ್ ಆಯ್ತು, ಇಂಥದ್ದು ಸರಿ ಮಾಡಿದೆವು, ಮತ್ತೆ ಓಡಿಸಿದೆವು’ ಎಂದು ತಾರೀಕು ಸಮೇತ ಬರೆದವರನ್ನೇ ಹೆಚ್ಚು ನಂಬಬಹುದು.

ವಿದ್ಯಾರ್ಥಿಗಳ ಕೈಲಿ ದೊಡ್ಡ ಕೆಲಸ ಆಗಲ್ಲ ಅಂತೇನಿಲ್ಲ. ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನ ನೇತೃತ್ವದಲ್ಲಿ ಬೆಂಗಳೂರು, ಹೈದರಾಬಾದ್‌ನ ವಿದ್ಯಾರ್ಥಿಗಳು ಕಟ್ಟಿದ, ಒಂದು ಕೆಜಿಗೂ ಕಡಿಮೆ ತೂಕದ ‘ಸ್ಟಡ್‌ಸ್ಯಾಟ್’ ಉಪಗ್ರಹ 2010ರ ಜುಲೈ 12ರಂದು ಪಿಎಸ್‌ಎಲ್‌ವಿಯಲ್ಲಿ ಆಕಾಶಕ್ಕೆ ಹೋಗಿತ್ತು. ಮೇಲೆ ಹೋದ ಮೇಲೆ ಬಿಚ್ಚಿ ರಿಪೇರಿ ಮಾಡೋಕಾಗಲ್ಲ, ಟೆಸ್ಟಿಂಗ್ ಎಲ್ಲ ನೆಲದ ಮೇಲೇ ಮುಗೀಬೇಕು.

ಅಂಗಡಿಯವರು ತಾವೇ ಹತ್ತು ಹಳೇ ಬಿಲ್ ಕೊಟ್ಟು, ಹುಡುಗರ ಮುಂದೆಯೇ ಹಾಕಿಸಿ ನೋಡಬಹುದು. ಬರೆದಿಡೋಕೆ ಎಕ್ಸೆಲ್ ಶೀಟ್ ಸಾಕು, ಅದೂ ಇಲ್ಲಾಂದ್ರೆ ಗೆರೆ ಎಳೆದ ನೋಟ್‌ಬುಕ್ ಆದ್ರೂ ನಡೆಯುತ್ತೆ.