ವೃತ್ತಿಗೊಂದು ಹೆಸರು, ಹೆಸರಿಗೊಂದು ಹುದ್ದೆ

ಪುನರ್ವಸತಿ ಸಮಾಲೋಚನೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವವರನ್ನು ಜನ ಮನಶ್ಶಾಸ್ತ್ರಜ್ಞರೆಂದೋ ಸಮಾಜ ಕಾರ್ಯಕರ್ತರೆಂದೋ ಭಾವಿಸುವುದುಂಟು. ಈ ಗೊಂದಲ ವಿದ್ಯಾರ್ಥಿಗಳಿಗೂ ಅಂಟಿದರೆ ನಷ್ಟ ಅಂಗವಿಕಲರದು. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ಪುನರ್ವಸತಿ ವೃತ್ತಿಪರರ ನೋಂದಣಿಯನ್ನು ಕಡ್ಡಾಯಗೊಳಿಸಿತು. ಆದರೆ ನೋಂದಣಿ ಸಂಖ್ಯೆಯೊಂದೇ ವೃತ್ತಿಪ್ರಜ್ಞೆಯನ್ನು ಕೊಡಲಾರದು.

ಕೈ ಕಳೆದುಕೊಂಡ ಕಾರ್ಮಿಕನ ಉಳಿದ ಸಾಮರ್ಥ್ಯವನ್ನು ಅಳೆದು, ಅದಕ್ಕೊಪ್ಪುವ ಕೆಲಸ ಹುಡುಕಿ, ಮಾಲೀಕನನ್ನೂ ಮನೆಯವರನ್ನೂ ಒಪ್ಪಿಸುವುದು ಬೇರೆಯೇ ವಿದ್ಯೆ. ಅನುಭವಿಗಳ ಮೇಲ್ವಿಚಾರಣೆಯಲ್ಲಿ ಅದನ್ನು ಮಾಡಿದಾಗಲೇ ಇದು ತನ್ನ ವೃತ್ತಿಯೆಂಬ ಅರಿವು ವಿದ್ಯಾರ್ಥಿಯಲ್ಲಿ ಮೂಡುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೂ, ಸರ್ಕಾರಿ ಉದ್ಯೋಗ ಮೀಸಲಾತಿಯನ್ನು ಶೇ. 3ರಿಂದ 4ಕ್ಕೂ ಏರಿಸಿತು. ಮೀಸಲು ಸ್ಥಾನಕ್ಕೆ ತಕ್ಕ ವ್ಯಕ್ತಿಯನ್ನು ಸಜ್ಜುಗೊಳಿಸುವವರೂ ಬೇಕಲ್ಲವೇ? ಆಡಳಿತದಲ್ಲಿ ಹೆಸರಿಲ್ಲದ ಹುದ್ದೆಗೆ ಅನುದಾನವಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಪುನರ್ವಸತಿ ಸಮಾಲೋಚಕರಿಗೆ ಅವರದೇ ಹೆಸರಿನ ಹುದ್ದೆ ಇರಲಿ.